ಅಜ್ಜ ಬಿಟ್ಟುಹೋದ ನುಣುಪುಗಲ್ಲುಗಳು: ಯಾವುದು ಯಾವ ಕಲ್ಲೆಂದು ಗುರುತಿಸುವ ಬಗೆ

ಅಜ್ಜನೋ ಅಜ್ಜಿಯೋ ಕೂಡಿಟ್ಟಿದ್ದ ಕಲ್ಲಿನ ಡಬ್ಬಿ ಕೈಗೆ ಬಂದಾಗ ಈಗ ಬಹುತೇಕರು ಮಾಡುವ ಮೊದಲ ಕೆಲಸವೆಂದರೆ ಒಂದೊಂದನ್ನೇ ಮೊಬೈಲಿನಲ್ಲಿ ಫೋಟೊ ತೆಗೆದು ಆ್ಯಪ್ ಏನೆನ್ನುತ್ತದೆಂದು ನೋಡುವುದು. ಒಂದೇ ಹಸಿರು ಕಲ್ಲು ಕಿಟಕಿಯ ಬೆಳಕಿನಲ್ಲಿ ಜೇಡ್ ಆಗುತ್ತದೆ, ದೀಪದ ಕೆಳಗೆ ಅವೆಂಚುರಿನ್ ಆಗುತ್ತದೆ, ಇನ್ನೊಮ್ಮೆ ತೆಗೆದರೆ ಪಚ್ಚೆಯೇ ಆಗಿಬಿಡುತ್ತದೆ. ಆ್ಯಪ್ ನೋಡುವುದು ಬಣ್ಣ ಮತ್ತು ಮೇಲಿನ ಚಿತ್ತಾರವನ್ನು ಮಾತ್ರ. ಕಲ್ಲುಗಳ ಲೋಕದಲ್ಲಿ ಬಣ್ಣದಷ್ಟು ನಂಬಿಕೆಗೆಟ್ಟ ಸಾಕ್ಷಿ ಇನ್ನೊಂದಿಲ್ಲ. ಆದ್ದರಿಂದ ಇಲ್ಲಿ ಬಣ್ಣದ ಸರದಿ ಕೊನೆಗೆ ಬರುತ್ತದೆ. ಅದಕ್ಕೂ ಮೊದಲು ಬೆಳಕು ಕಲ್ಲಿನೊಳಗೆ ಹೇಗೆ ಹಾಯುತ್ತದೆ, ಕಲ್ಲು ತನ್ನ ಗಾತ್ರಕ್ಕೆ ಎಷ್ಟು ತೂಗುತ್ತದೆ, ಎಲ್ಲಾದರೂ ಚಕ್ಕೆ ಎದ್ದಿದ್ದರೆ ಅಲ್ಲಿ ಏನು ಕಾಣುತ್ತದೆ ಎಂಬುದನ್ನು ವಿಚಾರಿಸೋಣ.

ಈ ಕಲ್ಲುಗಳು ಹೀಗೆ ನುಣುಪಾದದ್ದು ಹೇಗೆ

ಇದನ್ನು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಒರಟು ಕಲ್ಲುಚೂರುಗಳನ್ನು ಸಣ್ಣ ಡ್ರಮ್ಮಿಗೆ ತುಂಬಿ, ನೀರು ಮತ್ತು ಸಿಲಿಕಾನ್ ಕಾರ್ಬೈಡ್ ಪುಡಿ ಸೇರಿಸಿ ಹಗಲೂ ರಾತ್ರಿಯೂ ಉರುಳಿಸುತ್ತಾರೆ. ಮೊದಲು ತರಿತರಿಯಾದ ಪುಡಿ, ಆಮೇಲೆ ಸಣ್ಣದು, ಬಳಿಕ ಇನ್ನೂ ನಯವಾದದ್ದು, ಕೊನೆಗೆ ಅಲ್ಯುಮಿನಿಯಂ ಆಕ್ಸೈಡ್ ಅಥವಾ ಸೀರಿಯಂ ಆಕ್ಸೈಡ್‌ನಂಥ ಹೊಳಪುಪುಡಿ. ಹಂತಕ್ಕೆ ಸುಮಾರು ಒಂದು ವಾರದಂತೆ ಒಟ್ಟು ನಾಲ್ಕು ವಾರ ಹಿಡಿಯುತ್ತದೆ. ಮನೆಯಲ್ಲೇ ಮೇಜಿನ ಮೇಲಿಟ್ಟು ನಡೆಸಬಹುದಾದ ಇಂಥ ಯಂತ್ರಗಳು 1950–60ರ ದಶಕಗಳಲ್ಲಿ ಹವ್ಯಾಸಿಗಳ ಕೈಗೆ ಬಂದವು. ಒಂದು ತಲೆಮಾರು ಈ ಕಲ್ಲುಗಳನ್ನು ಅಷ್ಟೊಂದು ಕೂಡಿಹಾಕಿದ್ದರ ಹಿಂದೆ ಈ ಯಂತ್ರದ ಪಾಲೂ ಇದೆ.

ಇಷ್ಟು ಉರುಳಿದ ಮೇಲೆ ಕಲ್ಲಿನ ಹರಳಿನ ಮುಖಗಳು, ಒಡೆದ ಅಂಚುಗಳು, ಹೊರಗಿನ ಸಿಪ್ಪೆ ಎಲ್ಲವೂ ಸವೆದುಹೋಗಿರುತ್ತವೆ. ಪಠ್ಯಪುಸ್ತಕಗಳು ಖನಿಜವನ್ನು ಗುರುತಿಸಲು ಮೊದಲು ಕೇಳುವುದು ಅವನ್ನೇ. ಹಾಗಾಗಿ ಪುಸ್ತಕದ ಚಿತ್ರಗಳಿಗೂ ನಿಮ್ಮ ಡಬ್ಬಿಯ ಕಲ್ಲುಗಳಿಗೂ ಹೋಲಿಕೆ ಸಿಗದಿದ್ದರೆ ಗಾಬರಿಯಾಗಬೇಡಿ.

ಕಳೆದುಕೊಂಡದ್ದಕ್ಕೆ ಪ್ರತಿಯಾಗಿ ಒಂದು ಅನುಕೂಲವೂ ಇದೆ. ಮೆದು ಕಲ್ಲು ಡ್ರಮ್ಮಿನಲ್ಲಿ ಬೇಗ ಸವೆದು ಹಾಳಾಗುತ್ತದೆ, ಬಿರುಕು ಬಿಟ್ಟದ್ದು ಒಡೆದುಹೋಗುತ್ತದೆ. ಗಡಸಾದ, ಗಟ್ಟಿಮುಟ್ಟಾದ ಕಲ್ಲು ಮಾತ್ರ ಸಲೀಸಾಗಿ ಹೊಳಪು ಪಡೆಯುತ್ತದೆ. ಹೀಗಾಗಿ ಇಂಥ ಯಾವ ಡಬ್ಬಿಯನ್ನು ತೆರೆದರೂ ಹೆಚ್ಚಿನ ಪಾಲು ಬೆಣಚುಕಲ್ಲಿನ, ಅಂದರೆ ಕ್ವಾರ್ಟ್ಜ್‌ನ ಕುಟುಂಬದ್ದೇ ಆಗಿರುತ್ತದೆ. ಯಾವ ಕಲ್ಲನ್ನು ಕೈಗೆತ್ತಿಕೊಂಡರೂ “ಇದು ಕ್ವಾರ್ಟ್ಜ್ ಅಲ್ಲವೆನ್ನಲು ನನಗೇನು ಕಾರಣವಿದೆ?” ಎಂದು ಮೊದಲು ಕೇಳಿಕೊಳ್ಳಿ. ಇನ್ನು ಈ ಡಬ್ಬಿಯಲ್ಲಿ ನಿಧಿ ಅಡಗಿದೆಯೆಂಬ ಆಸೆಯ ಬಗ್ಗೆ ಒಂದು ಮಾತು: ಆಭರಣಕ್ಕೆ ಯೋಗ್ಯವಾದ ಹರಳನ್ನು ಯಾರೂ ಡ್ರಮ್ಮಿಗೆ ಹಾಕಿ ಸವೆಸುವುದಿಲ್ಲ, ಅದನ್ನು ಮುಖ ಕತ್ತರಿಸಿ ಮಾರುತ್ತಾರೆ. ಮಾಣಿಕ್ಯದ ಖನಿಜವೇ ಇಲ್ಲಿ ಸಿಕ್ಕರೂ ಅದು ಮಬ್ಬು ದರ್ಜೆಯದ್ದಾಗಿರುತ್ತದೆ.

1. ತೊಳೆಯುವ ಮುನ್ನ ಬರೆದಿಡಿ

ಯಾವ ಕಲ್ಲು ಯಾವ ಪೊಟ್ಟಣದಲ್ಲಿತ್ತು, ಯಾವುದರ ಜೊತೆಗಿತ್ತು, ಡಬ್ಬಿಯ ಮೇಲೆ ಏನು ಬರೆದಿತ್ತು ಎಂಬುದನ್ನು ಏನನ್ನೂ ಕದಲಿಸುವ ಮುನ್ನ ಫೋಟೊ ತೆಗೆದಿಟ್ಟುಕೊಳ್ಳಿ. ಹಳೆಯ ಚೀಟಿಯಲ್ಲಿರುವ ಹೆಸರು ತಪ್ಪಿರಬಹುದು, ಊರಿನ ಹೆಸರು ಸಾಮಾನ್ಯವಾಗಿ ತಪ್ಪಿರುವುದಿಲ್ಲ. ಊರಿನ ಹೆಸರೊಂದು ಸಿಕ್ಕರೆ ಭೂವಿಜ್ಞಾನದ ನಕ್ಷೆ ನೋಡಿ ಅಲ್ಲಿ ಏನು ಸಿಗಬಲ್ಲದೆಂದು ತಿಳಿಯಬಹುದು.

ಕಾಲವೂ ಒಂದು ಸುಳಿವು. ನೇರಳೆ ಬಣ್ಣದಲ್ಲಿ ಸುಳಿಸುಳಿಯಾಗಿ ಹರಿದಂತಿರುವ ಚರೋಯೈಟ್ ಎಂಬ ಸೈಬೀರಿಯಾದ ಕಲ್ಲನ್ನು ಹೊಸ ಖನಿಜವೆಂದು ವಿವರಿಸಿದ್ದು 1978ರಲ್ಲಿ. ಡೊಮಿನಿಕನ್ ಗಣರಾಜ್ಯದ ತಿಳಿನೀಲಿ ಲಾರಿಮಾರ್ ಮಾರುಕಟ್ಟೆಯ ದಾರಿ ಹಿಡಿದದ್ದು 1974ರ ನಂತರ. 1960ರ ದಶಕದಲ್ಲಿ ಮುಚ್ಚಿಟ್ಟ ಡಬ್ಬಿಯಲ್ಲಿ ಇವೆರಡೂ ಸಿಕ್ಕಿವೆಯೆಂದು ನಿಮಗನ್ನಿಸಿದರೆ ಎರಡನೆಯ ಸಲ ನೋಡಿ.

2. ತೊಳೆಯಿರಿ, ಆದರೆ ಎಲ್ಲವನ್ನೂ ನೆನೆಹಾಕಬೇಡಿ

ಉಗುರುಬೆಚ್ಚನೆಯ ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ, ಮೃದುವಾದ ಹಲ್ಲುಜ್ಜುವ ಬ್ರಷ್ ಇಷ್ಟೇ ಸಾಕು. ಬಟ್ಟಲಿಗೆ ಎಲ್ಲವನ್ನೂ ಸುರಿದು ರಾತ್ರಿಯಿಡೀ ಬಿಡುವ ಅಭ್ಯಾಸ ಒಳ್ಳೆಯದಲ್ಲ. ಕಲ್ಲುಪ್ಪಿನ ತುಂಡು ಅದರಲ್ಲಿದ್ದರೆ ಕರಗಿಹೋಗುತ್ತದೆ, ಜಿಪ್ಸಂ ಜಾತಿಯದ್ದು ಹೊಳಪು ಕಳೆದುಕೊಳ್ಳುತ್ತದೆ, ಟರ್ಕಾಯ್ಸ್ ಮತ್ತು ಲ್ಯಾಪಿಸ್‌ನಂಥ ರಂಧ್ರಗಳಿರುವ ಕಲ್ಲುಗಳು ಕೊಳೆನೀರನ್ನೇ ಹೀರಿಕೊಳ್ಳುತ್ತವೆ. ವಿನೆಗರ್, ನಿಂಬೆರಸ, ಬ್ಲೀಚ್ ಯಾವುದನ್ನೂ ಹತ್ತಿರ ತರಬೇಡಿ. ಸುಣ್ಣದಂಶದ ಕಲ್ಲು ಮತ್ತು ಮಾಲಕೈಟ್ ಎರಡನ್ನೂ ಆಮ್ಲ ತಿನ್ನುತ್ತದೆ.

ತೊಳೆಯುವಾಗ ಹೊಳಪಿನ ಮೇಲೊಂದು ಕಣ್ಣಿರಲಿ. ಹೊಳಪು ಪದರವಾಗಿ ಎದ್ದು ಬಂದರೆ ಅದು ಪಾಲಿಶ್ ಅಲ್ಲ, ವಾರ್ನಿಷ್. ಹೊಳಪು ಸರಿಯಾಗಿ ಏರದ ಕಲ್ಲಿಗೆ ವಾರ್ನಿಷ್ ಬಳಿಯುವವರಿದ್ದಾರೆ. ಅಂಥದ್ದನ್ನು ಪ್ರತ್ಯೇಕವಾಗಿಡಿ, ಅದು ಮೆದುಕಲ್ಲಾಗಿರುವ ಸಾಧ್ಯತೆ ಹೆಚ್ಚು.

3. ಬೇಕಾಗುವ ಸಲಕರಣೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚ್, 0.1 ಗ್ರಾಂವರೆಗೆ ತೋರಿಸುವ ತಕ್ಕಡಿ, ಒಂದು ಗಾಜಿನ ಲೋಟ, ಹೊಲಿಗೆ ದಾರ, ಉಕ್ಕಿನ ಸೂಜಿ, ಒಂದು ಅಯಸ್ಕಾಂತ. ಭೂತಗನ್ನಡಿಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಲ್ಲನ್ನು ಅದರ ಬಳಿಗೆ ತರಬೇಕು. ಅದನ್ನು ತೋಳಿನಷ್ಟು ದೂರದಲ್ಲಿ ಹಿಡಿದು ನೋಡುವುದು ಸಿನಿಮಾದ ಪತ್ತೇದಾರರಿಗಷ್ಟೇ ಸರಿ.

4. ಬೆಳಕಿನಿಂದ ಮೂರು ಗುಂಪು

ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬಾಯಿಗೆ ಕಲ್ಲನ್ನು ಒತ್ತಿ ಹಿಡಿಯಿರಿ. ಒಳಗಿನದೆಲ್ಲ ಸ್ಪಷ್ಟವಾಗಿ ಕಂಡರೆ ಒಂದು ಗುಂಪು, ಬೆಳಕು ಮಂಜಿನಂತೆ ಹರಡಿ ಕಲ್ಲು ಒಳಗಿನಿಂದ ಬೆಳಗಿದರೆ ಎರಡನೆಯದು, ಅಂಚಿನಲ್ಲೂ ಬೆಳಕು ಹಾಯದಿದ್ದರೆ ಮೂರನೆಯದು. ತೆಳುವಾದ ಅಂಚಿನಲ್ಲಿ ನೋಡುವುದು ಮುಖ್ಯ. ಕಪ್ಪಾಗಿ ಕಾಣುವ ಕಲ್ಲು ಅಂಚಿನಲ್ಲಿ ಕಂದುಗಾಜಿನಂತೆ ಬೆಳಗುವುದುಂಟು.

ಸ್ಪಷ್ಟ ಗುಂಪಿನಲ್ಲಿ ಬಣ್ಣವಿಲ್ಲದ ಸ್ಫಟಿಕ, ನೇರಳೆಯ ಅಮೆಥಿಸ್ಟ್, ಹೊಗೆ ಬಣ್ಣದ ಸ್ಮೋಕಿ ಕ್ವಾರ್ಟ್ಜ್, ಹಳದಿಯ ಸಿಟ್ರಿನ್ ಇರುತ್ತವೆ. ನಾಲ್ಕೂ ಒಂದೇ ಖನಿಜ, ಹೆಸರು ಮಾತ್ರ ನಾಲ್ಕು. ಅಮೆಥಿಸ್ಟ್‌ನ ನೇರಳೆ ಒಂದೇ ಸಮನಾಗಿರುವುದಿಲ್ಲ, ಕೋನವಾಗಿ ಮಡಿದ ಪಟ್ಟೆಗಳಂತೆ ಗಾಢ–ತಿಳಿಯಾಗಿ ಹರಡಿರುತ್ತದೆ. ಅಮೆಥಿಸ್ಟನ್ನು ಕಾಯಿಸಿದರೆ ಹಳದಿಯಾಗುತ್ತದೆ. ಮಾರುಕಟ್ಟೆಯ ಸಿಟ್ರಿನ್‌ನಲ್ಲಿ ಬಹುಪಾಲು ಹೀಗೇ ಹುಟ್ಟಿದ್ದು. ಬುಡದಲ್ಲಿ ಬಿಳಿ, ತುದಿಯಲ್ಲಿ ಕೇಸರಿಗೆ ತಿರುಗಿದ್ದರೆ ಅದು ಕಾಯಿಸಿದ ಗುರುತು. ಇದೇ ಗುಂಪಿನಲ್ಲಿ ಗಾಜು ಮತ್ತು ಫ್ಲೂರೈಟ್ ಕೂಡ ಅಡಗಿ ಕುಳಿತಿರುತ್ತವೆ, ಅವುಗಳ ವಿಷಯಕ್ಕೆ ಮುಂದೆ ಬರುತ್ತೇನೆ.

ಎರಡನೆಯದು ಡಬ್ಬಿಯ ಶ್ರೀಮಂತ ಗುಂಪು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕ್ವಾರ್ಟ್ಜ್ ಎಳೆಗಳು ಹೆಣೆದುಕೊಂಡು ಆದ ಕಲ್ಲು ಕ್ಯಾಲ್ಸೆಡೊನಿ. ಅದರಲ್ಲಿ ಪಟ್ಟೆಗಳಿದ್ದರೆ ಅಗೇಟ್. ಪಟ್ಟೆ ಕಾಣದೆ ಕಿತ್ತಳೆ–ಕೆಂಪು ಬೆಳಗಿದರೆ ಕಾರ್ನೀಲಿಯನ್, ಆ ಬಣ್ಣ ಕಬ್ಬಿಣದ ಆಕ್ಸೈಡ್‌ನದು. ಪಾಚಿ ಕಟ್ಟಿದಂತೆ ಹಸಿರು ಎಳೆಗಳಿದ್ದರೆ ಮಾಸ್ ಅಗೇಟ್. ಒಳಗಿರುವುದು ಸಸ್ಯವಲ್ಲ, ಖನಿಜದ ಎಳೆಗಳೇ. ಲಾವಾ ತಣಿಯುವಾಗ ಅದರಲ್ಲಿ ಉಳಿದ ಗಾಳಿಗುಳ್ಳೆಗಳ ಜಾಗದಲ್ಲಿ ಸಿಲಿಕಾ ಪದರಪದರವಾಗಿ ಕೂತು ಬಹಳಷ್ಟು ಅಗೇಟ್‌ಗಳು ಹುಟ್ಟುತ್ತವೆ. ಬ್ರೆಜಿಲ್ಲಿನ ದಕ್ಷಿಣ ಭಾಗ, ಉರುಗ್ವೆ ಮತ್ತು ದಖನ್ನಿನ ಬಸಾಲ್ಟ್ ಪ್ರದೇಶಗಳು ಈ ಕಲ್ಲಿಗೆ ಹೆಸರಾದದ್ದು ಇದೇ ಕಾರಣಕ್ಕೆ. ಗುಲಾಬಿ ಬಣ್ಣದಲ್ಲಿ ಹಾಲು ಬೆರೆತಂತೆ ಮಬ್ಬಾಗಿದ್ದು, ಒಳಗೆ ಸಣ್ಣ ಬಿರುಕುಗಳು ತುಂಬಿದ್ದರೆ ರೋಸ್ ಕ್ವಾರ್ಟ್ಜ್. ಹಸಿರಾಗಿದ್ದು ಭೂತಗನ್ನಡಿಯಲ್ಲಿ ಮಿನುಗುವ ಚಿಕ್ಕ ಹಾಳೆಗಳು ಕಂಡರೆ ಅವೆಂಚುರಿನ್. ಆ ಮಿನುಗು ಫುಕ್ಸೈಟ್ ಎಂಬ ಕ್ರೋಮಿಯಂ ಇರುವ ಅಭ್ರಕದ್ದು.

ಮೂರನೆಯ ಗುಂಪಿನಲ್ಲಿ ಜಾಸ್ಪರ್ ರಾಜ. ಇದೂ ಸೂಕ್ಷ್ಮ ಕ್ವಾರ್ಟ್ಜೇ, ಆದರೆ ಕಬ್ಬಿಣದ ಆಕ್ಸೈಡ್ ಮತ್ತು ಜೇಡಿಯಂಥ ಬೆರಕೆ ತುಂಬಿರುವುದರಿಂದ ಬೆಳಕು ಹಾಯುವುದಿಲ್ಲ. ಕಡು ಹಸಿರಿನ ಮೇಲೆ ಕೆಂಪು ಚುಕ್ಕೆಗಳಿದ್ದರೆ ಬ್ಲಡ್‌ಸ್ಟೋನ್. ಗುಲಾಬಿ ಮತ್ತು ಪಿಸ್ತಾ ಹಸಿರು ತೇಪೆ ಹಾಕಿದಂತಿದ್ದರೆ ಯುನಕೈಟ್. ಇದು ಒಂದು ಖನಿಜವಲ್ಲ, ಶಿಲೆ: ಗುಲಾಬಿಯದು ಫೆಲ್ಡ್‌ಸ್ಪಾರ್, ಹಸಿರು ಎಪಿಡೋಟ್, ಅಲ್ಲಲ್ಲಿ ಕ್ವಾರ್ಟ್ಜ್. ಅಮೆರಿಕದ ಯುನಕಾ ಬೆಟ್ಟಸಾಲಿನಿಂದ ಅದಕ್ಕೆ ಆ ಹೆಸರು. ಬಿಳಿಯ ಮೇಲೆ ಕಪ್ಪು ಚುಕ್ಕೆಗಳಿರುವ “ಡಾಲ್ಮೇಶಿಯನ್ ಜಾಸ್ಪರ್” ಜಾಸ್ಪರೇ ಅಲ್ಲ, ಅದೊಂದು ಅಗ್ನಿಶಿಲೆ. ವ್ಯಾಪಾರದ ಹೆಸರುಗಳ ಗೋಳು ಹೀಗೇ. ಅಪಾರದರ್ಶಕವಾಗಿ ಚಿತ್ತಾರವಿರುವ ಯಾವುದೇ ಕಲ್ಲಿಗೆ ಜಾಸ್ಪರ್ ಎಂಬ ಬಾಲ ಅಂಟಿಸಿಬಿಡುತ್ತಾರೆ.

5. ಚಕ್ಕೆ ಎದ್ದ ಜಾಗವೇ ಬಂಗಾರ

ನುಣುಪಿನ ನಡುವೆ ಎಲ್ಲಾದರೂ ಒಂದು ಗುಳಿ, ಒಂದು ಪೆಟ್ಟಿನ ಗುರುತು ಇದ್ದೇ ಇರುತ್ತದೆ. ಕಲ್ಲನ್ನು ಕೊಂಡವರಿಗೆ ಅದು ದೋಷ. ಗುರುತಿಸುವವರಿಗೆ ಅದರಷ್ಟು ಉಪಯೋಗದ ಜಾಗ ಬೇರಿಲ್ಲ. ಅಲ್ಲಿ ಗಾಜು ಒಡೆದಂತೆ ಬಾಗಿದ, ಹೊಳೆಯುವ ಮೇಲ್ಮೈ ಕಂಡರೆ ಅದು ಹರಳು ಕ್ವಾರ್ಟ್ಜ್, ಆಬ್ಸಿಡಿಯನ್ ಎಂಬ ಜ್ವಾಲಾಮುಖಿಯ ಗಾಜು ಅಥವಾ ಸಾಮಾನ್ಯ ಗಾಜು. ಅದೇ ಬಾಗಿದ ಒಡಕು ಮೇಣ ಸವರಿದಂತೆ ಮಂಕಾಗಿದ್ದರೆ ಅಗೇಟ್ ಅಥವಾ ಜಾಸ್ಪರ್. ತರಿತರಿಯಾಗಿ ಕಂಡರೆ ಅವೆಂಚುರಿನ್ ಅಥವಾ ಇನ್ನಾವುದೋ ಕ್ವಾರ್ಟ್ಜೈಟ್. ಮೆಟ್ಟಿಲಿನಂತೆ ಚಪ್ಪಟೆ ಮುಖಗಳು ಕಂಡರೆ ಕ್ವಾರ್ಟ್ಜ್ ಕುಟುಂಬವನ್ನು ಬಿಟ್ಟುಬಿಡಿ. ಅದು ಫೆಲ್ಡ್‌ಸ್ಪಾರ್, ಕ್ಯಾಲ್ಸೈಟ್ ಅಥವಾ ಫ್ಲೂರೈಟ್ ಆಗಿರುವ ಸಾಧ್ಯತೆಯೇ ಹೆಚ್ಚು.

ಚಕ್ಕೆ ಇಲ್ಲದಿದ್ದರೂ ಫೆಲ್ಡ್‌ಸ್ಪಾರನ್ನು ಹಿಡಿಯಬಹುದು. ದೀಪದ ಕೆಳಗೆ ಕಲ್ಲನ್ನು ಮೆಲ್ಲಗೆ ತಿರುಗಿಸಿದಾಗ ಯಾವುದೋ ಒಂದು ಕೋನದಲ್ಲಿ ಒಳಗಿನಿಂದ ಚಪ್ಪಟೆಯಾಗಿ ಮಿಂಚು ಬರುತ್ತದೆ. ಹಸಿರು–ನೀಲಿಯಲ್ಲಿ ಬಿಳಿ ಗೆರೆಗಳಿದ್ದರೆ ಅಮೆಜೊನೈಟ್, ಬೂದು ಕಲ್ಲಿನಲ್ಲಿ ಏಕಾಏಕಿ ನೀಲಿ ಅಥವಾ ಹೊಂಬಣ್ಣ ಹೊತ್ತಿಕೊಂಡರೆ ಲ್ಯಾಬ್ರಡೊರೈಟ್, ಹಾಲುಬಿಳಿಯ ಮೇಲೆ ತೇಲುವ ತಿಳಿನೀಲಿ ಹೊಳಪಿದ್ದರೆ ಮೂನ್‌ಸ್ಟೋನ್. ಕಂದು–ಹೊಂಬಣ್ಣದ ಕಲ್ಲಿನಲ್ಲಿ ರೇಷ್ಮೆಯಂಥ ಬೆಳಕಿನ ಪಟ್ಟಿ ಕಲ್ಲು ತಿರುಗಿದಂತೆ ಸರಿದಾಡಿದರೆ ಟೈಗರ್ ಐ. ಇದು ಮತ್ತೆ ಕ್ವಾರ್ಟ್ಜ್. ಇದರ ನೀಲಿ–ಬೂದು ರೂಪ ಹಾಕ್ಸ್ ಐ. ಇಟ್ಟಿಗೆ ಕೆಂಪಿನ ಟೈಗರ್ ಐ ಸಾಮಾನ್ಯವಾಗಿ ಕಾಯಿಸಿ ಮಾಡಿದ್ದು.

6. ಸಾಂದ್ರತೆ: ಮನೆಯಲ್ಲೇ ಆಗುವ ಅತ್ಯುತ್ತಮ ಪರೀಕ್ಷೆ

ಈ ಲೇಖನದಲ್ಲಿ ಒಂದನ್ನೇ ಮಾಡುತ್ತೇನೆಂದರೆ ಇದನ್ನು ಮಾಡಿ. ಕಲ್ಲಿಗೆ ಗೀರು ಬೀಳುವುದಿಲ್ಲ, ಉತ್ತರ ಅಂಕಿಯಲ್ಲೇ ಬರುತ್ತದೆ, ಬಣ್ಣ ಹಾಕಿ ಮೋಸ ಮಾಡಿದ್ದರೂ ತಕ್ಕಡಿಗೆ ಬಣ್ಣ ಕಾಣುವುದಿಲ್ಲ.

ಒಣಗಿದ ಕಲ್ಲನ್ನು ತೂಗಿ ಬರೆದುಕೊಳ್ಳಿ. ಲೋಟದಲ್ಲಿ ಮುಕ್ಕಾಲು ನೀರು ತುಂಬಿ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ಅದು ಪೂರ್ತಿ ಮುಳುಗುವಂತೆ, ಆದರೆ ಲೋಟದ ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಇಳಿಬಿಡಿ. ಆಗ ತಕ್ಕಡಿ ತೋರಿಸುವುದು ಕಲ್ಲು ಸರಿಸಿದ ನೀರಿನ ತೂಕ. ಒಣತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಸಿಗುತ್ತದೆ. ಒಣಗಿದಾಗ 26.5 ಗ್ರಾಂ ಇದ್ದ ಕಲ್ಲು ನೀರಿನಲ್ಲಿ 10.0 ತೋರಿಸಿದರೆ 2.65, ಅಂದರೆ ಅಚ್ಚುಕಟ್ಟಾಗಿ ಕ್ವಾರ್ಟ್ಜ್. 31.8 ಗ್ರಾಂನ ಹಸಿರು ಕಲ್ಲು 10.8 ತೋರಿಸಿದರೆ 2.94 ಬರುತ್ತದೆ. ಅದು ಅವೆಂಚುರಿನ್ ಆಗಲಾರದು, ನೆಫ್ರೈಟ್ ಜೇಡ್ ಇರಬಹುದೆಂದು ಗಂಭೀರವಾಗಿ ಯೋಚಿಸಬೇಕಾದ ಅಂಕಿ ಅದು.

ಕಲ್ಲಿಗೆ ಅಂಟಿದ ಗಾಳಿಗುಳ್ಳೆಗಳನ್ನು ಬ್ರಷ್‌ನಿಂದ ಬಿಡಿಸಿ. ನೀರಿಗೆ ಒಂದು ಹನಿ ಸೋಪು ಹಾಕಿದರೆ ಅವು ಅಂಟುವುದೇ ಕಡಿಮೆ. 0.1 ಗ್ರಾಂ ತಕ್ಕಡಿಯಲ್ಲಿ ಐದಾರು ಗ್ರಾಂನ ಚಿಕ್ಕ ಕಲ್ಲಿನ ಲೆಕ್ಕ ನಂಬುವಂತಿಲ್ಲ. ಒಂದೇ ಬಗೆಯ ನಾಲ್ಕೈದು ಕಲ್ಲುಗಳಿದ್ದರೆ ಒಟ್ಟಿಗೆ ಕಟ್ಟಿ ತೂಗಿ.

ಹೋಲಿಸಲು ಕೆಲವು ಅಂಕಿಗಳು: ಅಂಬರ್ (ಗಟ್ಟಿಯಾದ ಪ್ರಾಚೀನ ಮರದ ರಾಳ) 1.05–1.10, ಸೊಡಾಲೈಟ್ ಸುಮಾರು 2.3, ಆಬ್ಸಿಡಿಯನ್ 2.35–2.6, ಸಾಮಾನ್ಯ ಗಾಜು ಸುಮಾರು 2.5, ಅಗೇಟ್ ಮತ್ತು ಅದರ ಬಂಧುಗಳು ಸುಮಾರು 2.6, ಲ್ಯಾಬ್ರಡೊರೈಟ್ ಮತ್ತು ಕ್ಯಾಲ್ಸೈಟ್ ಸುಮಾರು 2.7, ಲ್ಯಾಪಿಸ್ 2.7–2.9, ನೆಫ್ರೈಟ್ 2.95, ಫ್ಲೂರೈಟ್ 3.18, ಜೇಡ್‌ನ ಇನ್ನೊಂದು ಬಗೆಯಾದ ಜೇಡೈಟ್ 3.34, ರೋಡೊನೈಟ್ 3.4–3.7, ಮಾಲಕೈಟ್ 3.6–4.0, ಹೆಮಟೈಟ್ 5ರ ಆಸುಪಾಸು.

ಈಗ ಕಪ್ಪು ಕಲ್ಲುಗಳನ್ನೆಲ್ಲ ಒಂದು ಕಡೆ ಹಾಕಿ ನೋಡಿ, ಈ ಪರೀಕ್ಷೆಯ ಬೆಲೆ ತಿಳಿಯುತ್ತದೆ. ಕಣ್ಣಿಗೆ ಎಲ್ಲವೂ ಒಂದೇ. ತೂಗಿದರೆ ಹೆಮಟೈಟ್ ಎರಡು ಪಟ್ಟು ಭಾರವಾಗಿ ಕೂಡಲೇ ಬೇರೆಯಾಗುತ್ತದೆ. 3.1ರ ಹತ್ತಿರ ಬಂದದ್ದು ಕಪ್ಪು ಟೂರ್ಮಲಿನ್ ಇರಬಹುದು. 2.6 ಬಂದದ್ದು ಓನಿಕ್ಸ್, ಅಂದರೆ ಹೆಚ್ಚಿನ ಸಂದರ್ಭದಲ್ಲಿ ಕಪ್ಪು ಬಣ್ಣವೇರಿಸಿದ ಅಗೇಟ್. 2.4 ಬಂದು ಅಂಚಿನಲ್ಲಿ ಬೆಳಕು ಹಾಯ್ದರೆ ಆಬ್ಸಿಡಿಯನ್, ಅದರಲ್ಲಿ ಬೂದು–ಬಿಳಿ ಹೂಗಳಿದ್ದರೆ ಅವು ಕ್ರಿಸ್ಟೊಬಲೈಟ್ ಎಂಬ ಸಿಲಿಕಾ ಖನಿಜ. 1.3 ಬಂದು ಮುಟ್ಟಿದರೆ ತಣ್ಣಗಿಲ್ಲದಿದ್ದರೆ ಜೆಟ್, ಅದು ಮರ ಕಲ್ಲಿದ್ದಲಾಗುವ ದಾರಿಯಲ್ಲಿ ಹುಟ್ಟಿದ ಕಪ್ಪು. ಹೆಮಟೈಟ್ ಎಂದುಕೊಂಡದ್ದು ಅಯಸ್ಕಾಂತಕ್ಕೆ ಪಟ್ಟೆಂದು ಅಂಟಿಕೊಂಡರೆ ಅದು ಕಾರ್ಖಾನೆಯಲ್ಲಿ ಮಾಡಿದ ಫೆರೈಟ್. ನಿಜವಾದ ಹೆಮಟೈಟ್ ಅಷ್ಟು ಜೋರಾಗಿ ಸೆಳೆಯಲ್ಪಡುವುದಿಲ್ಲ, ಮೆರುಗು ಬಳಿಯದ ಪಿಂಗಾಣಿಯ ಮೇಲೆ ಉಜ್ಜಿದರೆ ಕೆಂಗಂದು ಗೆರೆ ಬಿಡುತ್ತದೆ. ಪಿಂಗಾಣಿ ಬಟ್ಟಲಿನ ತಳದ ಒರಟು ಅಂಚು ಇದಕ್ಕೆ ಸಾಕು.

7. ಗಡಸುತನ: ತೀರಾ ಬೇಕಾದಾಗ ಮಾತ್ರ

ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಹತ್ತು ಮೆಟ್ಟಿಲಿನ ಅಳತೆಯಲ್ಲಿ ಉಗುರು ಸುಮಾರು 2.5, ಗಾಜು 5.5, ಕ್ವಾರ್ಟ್ಜ್ 7. ಉರುಳಿಸಿದ ಕಲ್ಲಿಗೆ ಮೊನೆಯಿಲ್ಲದ ಕಾರಣ ಅದರಿಂದ ಗಾಜನ್ನು ಗೀರಿ ನೋಡುವ ಪಾಠ ಇಲ್ಲಿ ಸರಿಯಾಗಿ ನಡೆಯುವುದಿಲ್ಲ. ಕಣ್ಣಿಗೆ ಬೀಳದ ಮೂಲೆಯಲ್ಲಿ, ಈಗಾಗಲೇ ಗುಳಿಯಿರುವ ಕಡೆ, ಉಕ್ಕಿನ ಸೂಜಿಯಿಂದ ಒಂದು ಮಿಲಿಮೀಟರ್ ಎಳೆಯಿರಿ. ಆಮೇಲೆ ಒದ್ದೆ ಬೆರಳಿನಿಂದ ಒರೆಸಿ. ಗೆರೆ ಹೋದರೆ ಅದು ಸೂಜಿಯದೇ ಲೋಹ, ಕಲ್ಲು ಗಡಸು. ಭೂತಗನ್ನಡಿಯಲ್ಲಿ ತೋಡಿದ ಗೀರು ಉಳಿದಿದ್ದರೆ ಕಲ್ಲು ಮೆದು: ಫ್ಲೂರೈಟ್, ಕ್ಯಾಲ್ಸೈಟ್, ಮಾಲಕೈಟ್, ರೋಡೊಕ್ರೋಸೈಟ್, ಸರ್ಪೆಂಟೈನ್, ಹೌಲೈಟ್ ಇವುಗಳಲ್ಲಿ ಒಂದಿರಬಹುದು. ಗುಲಾಬಿ ಕಲ್ಲುಗಳ ಜಗಳ ಇಲ್ಲಿ ಬಗೆಹರಿಯುತ್ತದೆ. ಸೂಜಿಗೆ ಸುಲಭವಾಗಿ ಬಗ್ಗದೆ ಕಪ್ಪು ಮ್ಯಾಂಗನೀಸ್ ನರಗಳನ್ನು ತೋರಿಸುವುದು ರೋಡೊನೈಟ್, ಸುಲಭವಾಗಿ ಗೀರು ಬಿದ್ದು ಬಿಳಿ–ಗುಲಾಬಿ ಪಟ್ಟೆಗಳಿರುವುದು ರೋಡೊಕ್ರೋಸೈಟ್.

8. ಗಾಜು, ಬಣ್ಣ, ಪ್ಲಾಸ್ಟಿಕ್

ಅಜ್ಜ ಮೋಸ ಹೋಗಿರಲಾರರು ಎಂದುಕೊಳ್ಳುವುದು ಪ್ರೀತಿಯ ಮಾತು, ಆದರೆ ಈ ಮೋಸ ಹಳೆಯದು. ಜರ್ಮನಿಯ ಇಡಾರ್–ಓಬರ್‌ಸ್ಟೈನ್ ಪಟ್ಟಣದ ಕುಶಲಕರ್ಮಿಗಳು 19ನೆಯ ಶತಮಾನದಲ್ಲೇ ಅಗೇಟ್‌ಗೆ ಬಣ್ಣವೇರಿಸುವುದನ್ನು ದೊಡ್ಡ ಉದ್ಯಮವಾಗಿಸಿದ್ದರು. ಅಗೇಟನ್ನು ಸಕ್ಕರೆ ದ್ರಾವಣದಲ್ಲಿ ನೆನೆಸಿ, ಬಳಿಕ ಗಂಧಕಾಮ್ಲದಲ್ಲಿ ಇಟ್ಟರೆ ಹೀರಿಕೊಂಡ ಸಕ್ಕರೆ ಇದ್ದಿಲಾಗಿ ಕಲ್ಲು ಕಪ್ಪಾಗುತ್ತದೆ. ಕಪ್ಪು ಓನಿಕ್ಸ್‌ನ ಗುಟ್ಟು ಇದೇ. ಅಗೇಟಿನಲ್ಲಿ ಕಣ್ಣು ಕುಕ್ಕುವ ಗುಲಾಬಿ, ಶಾಯಿ ನೀಲಿ, ಕಡು ನೇರಳೆ ಕಂಡರೆ ಬಣ್ಣ ಹಾಕಿದ್ದೆಂದೇ ಹಿಡಿಯಿರಿ. ಬಣ್ಣ ಬಿರುಕುಗಳಲ್ಲಿ ಗಾಢವಾಗಿ ನಿಂತಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಹತ್ತಿಗೆ ಉಗುರುಬಣ್ಣ ತೆಗೆಯುವ ಅಸಿಟೋನ್ ಹಚ್ಚಿ ಒರೆಸಿದಾಗ ಹತ್ತಿ ನೀಲಿಯಾದರೆ ಸಂಶಯವೇ ಇಲ್ಲ. ಹತ್ತಿ ಬೆಳ್ಳಗೇ ಉಳಿದರೆ ಬಣ್ಣ ಹಾಕಿಲ್ಲವೆಂದು ಅರ್ಥವಲ್ಲ, ಕೆಲವು ಬಣ್ಣಗಳು ಅಸಿಟೋನಿಗೂ ಬಿಡುವುದಿಲ್ಲ. ಅಂಬರ್ ಅಥವಾ ಪ್ಲಾಸ್ಟಿಕ್ ಇರಬಹುದೆಂಬ ಅನುಮಾನವಿದ್ದರೆ ಅಸಿಟೋನ್ ತಾಗಿಸಬೇಡಿ.

ಟರ್ಕಾಯ್ಸ್ ಎಂದು ಮಾರುವುದರಲ್ಲಿ ನೀಲಿ ಹಾಕಿದ ಹೌಲೈಟ್ ಮತ್ತು ಮ್ಯಾಗ್ನಸೈಟ್ ಧಾರಾಳ. ಇವೆರಡರಲ್ಲೂ ಜೇಡನ ಬಲೆಯಂಥ ನರಗಳಿರುವುದರಿಂದ ಹೊರನೋಟಕ್ಕೆ ಹೋಲುತ್ತವೆ; ಗುಳಿಯೊಳಗೆ ಬಿಳಿ ಇಣುಕಿದರೆ ಬಣ್ಣ ಬಯಲಾಯಿತು. ಲ್ಯಾಪಿಸ್ ಮತ್ತು ಸೊಡಾಲೈಟ್ ಎರಡೂ ನಿಜವಾದ ನೀಲಿಗಳೇ, ಗೊಂದಲ ಹೆಸರಿನದು ಮಾತ್ರ. ಹೊಂಬಣ್ಣದ ಪೈರೈಟ್ ಚುಕ್ಕೆಗಳಿದ್ದು 2.7ರ ಮೇಲೆ ತೂಗಿದರೆ ಲ್ಯಾಪಿಸ್, ಚುಕ್ಕೆಯಿಲ್ಲದೆ ಬಿಳಿ ನರಗಳಿದ್ದು ಹಗುರವಾಗಿದ್ದರೆ ಸೊಡಾಲೈಟ್. ಅಫ್ಘಾನಿಸ್ತಾನದ ಬದಖ್‌ಶಾನದ ಸರ್–ಎ–ಸಂಗ್ ಗಣಿಗಳು ಲ್ಯಾಪಿಸ್‌ಗೆ ಸಾವಿರಾರು ವರ್ಷಗಳಿಂದ ಹೆಸರುವಾಸಿ.

ಕಂದು ಗಾಜಿನಲ್ಲಿ ತಾಮ್ರದ ಪುಡಿ ಸುರಿದಂತೆ ಎಲ್ಲೆಡೆ ಒಂದೇ ಸಮನೆ ಮಿನುಗುವ ಚೆಂದದ ಕಲ್ಲು ಗೋಲ್ಡ್‌ಸ್ಟೋನ್. ಅದು ಗಾಜು, ಒಳಗಿರುವುದು ತಾಮ್ರದ ಹರಳುಗಳು. ವೆನಿಸ್ಸಿನ ಗಾಜು ಕುಶಲಕರ್ಮಿಗಳ ಪರಂಪರೆಯದು ಅದು, ನಕಲಿ ಎಂದು ಎಸೆಯುವಂಥದ್ದಲ್ಲ. ಕಪ್ಪು ಹಿನ್ನೆಲೆಯಲ್ಲಿ ನೀಲಿಯಾಗಿ, ಬೆಳಕಿಗೆ ಹಿಡಿದರೆ ಕಿತ್ತಳೆಯಾಗಿ ಕಾಣುವ “ಓಪಲೈಟ್” ಕೂಡ ಗಾಜೇ.

ಸ್ಪಷ್ಟ ಗುಂಪಿನಲ್ಲಿ ಗಾಜನ್ನು ಬೇರೆ ಮಾಡಲು ಎರಡು ದಾರಿ. ಭೂತಗನ್ನಡಿಯಲ್ಲಿ ದುಂಡನೆಯ ಗುಳ್ಳೆ ಅಥವಾ ಬಣ್ಣ ಕಲಕಿದ ಸುಳಿ ಕಂಡರೆ ಅದು ಗಾಜು. ಎರಡನೆಯದು ಸ್ವಾರಸ್ಯದ್ದು: ಎಲ್‌ಸಿಡಿ ಪರದೆಯ ಕಂಪ್ಯೂಟರಿನಲ್ಲಿ ಬಿಳಿ ಪುಟ ತೆರೆದು, ಪೋಲರೈಸ್ಡ್ ತಂಪುಕನ್ನಡಕವನ್ನು ಅದರ ಮುಂದೆ ತಿರುಗಿಸುತ್ತ ಪರದೆ ಕಪ್ಪಾಗುವ ಕೋನ ಹುಡುಕಿ. ಕನ್ನಡಕಕ್ಕೂ ಪರದೆಗೂ ನಡುವೆ ಕಲ್ಲನ್ನು ಹಿಡಿದು ಸುತ್ತಿಸಿ. ಸ್ಫಟಿಕವೋ ಅಮೆಥಿಸ್ಟೋ ಆದರೆ ಒಂದು ಸುತ್ತಿನಲ್ಲಿ ನಾಲ್ಕು ಸಲ ಬೆಳಗಿ ನಾಲ್ಕು ಸಲ ಕಪ್ಪಾಗುತ್ತದೆ. ಗಾಜು ಹೆಚ್ಚುಕಡಿಮೆ ಕಪ್ಪಾಗಿಯೇ ಉಳಿಯುತ್ತದೆ. ಫ್ಲೂರೈಟ್ ಕೂಡ ಹಾಗೇ ಇರುತ್ತದೆ, ಅದನ್ನು 3.18ರ ತೂಕ ಬಿಟ್ಟುಕೊಡುತ್ತದೆ. ಹರಳಿನ ಅಕ್ಷದ ದಿಕ್ಕಿನಲ್ಲಿ ಕ್ವಾರ್ಟ್ಜ್ ಕೂಡ ಹೀಗೆ ಏರಿಳಿಯದಿರುವುದುಂಟು, ಆದ್ದರಿಂದ ಮೂರು ದಿಕ್ಕಿನಿಂದಲಾದರೂ ನೋಡಿ.

ಹಗುರವಾಗಿ, ಬೆಚ್ಚಗಿರುವ ಜೇನುಬಣ್ಣದ ತುಂಡು ಅಂಬರ್ ಇರಬಹುದು. ಇನ್ನು ಕರಗದೆಂಬಷ್ಟು ಉಪ್ಪು ಹಾಕಿದ ನೀರಿನಲ್ಲಿ ಅಂಬರ್ ತೇಲುತ್ತದೆ, ಗಾಜು ಮತ್ತು ಬೇಕಲೈಟ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ ಮುಳುಗುತ್ತವೆ. ತೇಲಿದ ಮಾತ್ರಕ್ಕೆ ಗೆದ್ದಂತಲ್ಲ, ಕೋಪಲ್ ಎಂಬ ಎಳೆಯ ರಾಳವೂ ಕೆಲವು ಪ್ಲಾಸ್ಟಿಕ್‌ಗಳೂ ತೇಲುತ್ತವೆ. ಕಾದ ಸೂಜಿ ಚುಚ್ಚುವ ಹಳೆಯ ಪರೀಕ್ಷೆ ಬೇಡ, ಅದು ತುಂಡನ್ನು ಕೆಡಿಸುತ್ತದೆ.

ನೇರಳಾತೀತ ಟಾರ್ಚ್ ಇದ್ದರೆ ಒಮ್ಮೆ ಆಡಿಸಿ ನೋಡಿ. ಸೊಡಾಲೈಟ್ ಹಲವು ಸಲ ಕಿತ್ತಳೆಯಾಗಿ ಹೊಳೆಯುತ್ತದೆ, ಯುರೇನಿಯಂ ಬೆರೆಸಿದ ಹಳೆಯ ಗಾಜು ಕಣ್ಣಿಗೆ ಹೊಡೆಯುವ ಹಸಿರು. ಅದನ್ನೊಂದೇ ನೆಚ್ಚಿ ತೀರ್ಪು ಕೊಡಬೇಡಿ.

9. ಈಗ ಬಣ್ಣ, ಆಮೇಲೆ ಹೆಸರು

ಇಷ್ಟು ಮಾಡಿದ ಮೇಲೆ ಪುಸ್ತಕ ಅಥವಾ ಆ್ಯಪ್ ತೆರೆಯಿರಿ. ಈಗ ನೀವು ಕೇಳುವ ಪ್ರಶ್ನೆ “ಈ ಹಸಿರು ಕಲ್ಲು ಯಾವುದು?” ಎಂಬುದಲ್ಲ, “2.65 ಸಾಂದ್ರತೆಯ, ಸೂಜಿಗೆ ಬಗ್ಗದ, ಒಳಗೆ ಅಭ್ರಕ ಮಿನುಗುವ ಹಸಿರು ಕಲ್ಲು ಯಾವುದು?” ಎಂಬುದು. ಎರಡನೆಯದಕ್ಕೆ ಉತ್ತರ ಒಂದೇ.

ಒಂದೊಂದು ಕಲ್ಲಿಗೂ ಒಂದು ಚೀಟಿ ಬರೆಯಿರಿ: ತೂಕ, ಸಾಂದ್ರತೆ, ಬೆಳಕಿನ ಗುಂಪು, ಚಕ್ಕೆಯ ಸ್ವಭಾವ, ಹಳೆಯ ಚೀಟಿಯಲ್ಲಿದ್ದ ಹೆಸರು, ನಿಮ್ಮ ಹೆಸರು, ಎಷ್ಟು ಖಚಿತವೆಂಬ ಗುರುತು. ಹಳೆಯ ಹೆಸರು ತಪ್ಪೆಂದು ತಿಳಿದರೂ ಅಳಿಸಬೇಡಿ. ಸಾಕ್ಷಿ ಎಲ್ಲಿಯವರೆಗೆ ಒಯ್ಯುತ್ತದೆಯೋ ಅಲ್ಲಿಯವರೆಗೆ ಮಾತ್ರ ಹೆಸರಿಡಿ. “ಕೆಂಪು ಜಾಸ್ಪರ್” ಎಂದು ಬರೆದು ನಿಲ್ಲಿಸುವುದು, ಊರು ತಿಳಿಯದೆ ಯಾವುದೋ ಗಣಿಯ ಹೆಸರು ತಗುಲಿಸುವುದಕ್ಕಿಂತ ಮೇಲು. ಕೆಲವು ಕಲ್ಲುಗಳ ಚೀಟಿಯಲ್ಲಿ “ಸೂಕ್ಷ್ಮ ಕಣದ ಶಿಲೆ, ಗುರುತಿಸಿಲ್ಲ” ಎಂದೇ ಇರಲಿ. ಮರದ ಬೆಳವಣಿಗೆಯ ಉಂಗುರಗಳು ಕಾಣುವ ಜಾಸ್ಪರ್‌ನಂಥ ತುಂಡು ಸಿಕ್ಕರೆ ಅದನ್ನು ಬೇರೆಯಾಗಿಡಿ, ಅದು ಕಲ್ಲಾದ ಮರ.

ತಲೆ ಚಿಟ್ಟು ಹಿಡಿಸಿದ ಎರಡು ಮೂರು ಕಲ್ಲುಗಳನ್ನು ಮಾತ್ರ ಆರಿಸಿ ಯಾವುದಾದರೂ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ರತ್ನಪರೀಕ್ಷಾ ಪ್ರಯೋಗಾಲಯಕ್ಕೋ ತೋರಿಸಿ. ವಕ್ರೀಭವನಾಂಕ ಅಳೆಯುವ ಉಪಕರಣ ಮತ್ತು ರಾಮನ್ ವರ್ಣಪಟಲ, ಎರಡೂ ಕಲ್ಲನ್ನು ಒಡೆಯದೆ ಉತ್ತರ ಹೇಳುತ್ತವೆ. ಡಬ್ಬಿಯನ್ನೇ ಹೊತ್ತೊಯ್ದು ಮೇಜಿನ ಮೇಲೆ ಸುರಿದರೆ ಯಾರಿಗೂ ತಾಳ್ಮೆ ಇರುವುದಿಲ್ಲ. ನಿಮ್ಮ ಚೀಟಿಗಳ ಸಮೇತ ಹೋದರೆ ಮಾತುಕತೆಯ ಧಾಟಿಯೇ ಬೇರೆ.

10. ಇಡುವ ಬಗೆ

ಅಮೆಥಿಸ್ಟ್, ರೋಸ್ ಕ್ವಾರ್ಟ್ಜ್, ಸ್ಮೋಕಿ ಕ್ವಾರ್ಟ್ಜ್ ಬಿಸಿಲು ಬೀಳುವ ಕಿಟಕಿಯಲ್ಲಿ ವರ್ಷಗಟ್ಟಲೆ ಇದ್ದರೆ ಮಾಸುತ್ತವೆ. ಮೆದು ಕಲ್ಲುಗಳನ್ನು ಕ್ವಾರ್ಟ್ಜ್ ಜೊತೆ ಒಂದೇ ಚೀಲದಲ್ಲಿ ಹಾಕಿದರೆ ಗೀರುಗಳಾಗುತ್ತವೆ, ಆದ್ದರಿಂದ ಅವಕ್ಕೆ ಬಟ್ಟೆಯ ಪೊಟ್ಟಣ ಕೊಡಿ. ಮಾಲಕೈಟ್‌ನಲ್ಲಿ ತಾಮ್ರವಿದೆ, ಕಡುಗೆಂಪಾಗಿ ಅತಿ ಭಾರವಾಗಿರುವ ಸಿನ್ನಬಾರ್‌ನಲ್ಲಿ ಪಾದರಸವಿದೆ. ಇವನ್ನು ಉಜ್ಜಿ ಪುಡಿ ಮಾಡಬೇಡಿ, ಕುಡಿಯುವ ನೀರಿನಲ್ಲಿ ಹಾಕಿಡುವ ಪ್ರಯೋಗವಂತೂ ಬೇಡವೇ ಬೇಡ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಡಬ್ಬಿ ಎತ್ತರದಲ್ಲಿರಲಿ. ಹೊಳೆಯುವ ದುಂಡು ಕಲ್ಲು ಕಂಡರೆ ಅವರು ಅದನ್ನು ಬಾಯಿಗೇ ಒಯ್ಯುತ್ತಾರೆ.